ತೂಕಕ್ಕೆ ಮಾರಿದ ಸಾಕ್ಷಿ

ಶಿವಮೊಗ್ಗೆಯಿಂದ ಶಿಕಾರಿಪುರದ ಕಡೆಗೆ ಹೋಗುವ ದಾರಿಯಲ್ಲಿ, ನ್ಯಾಮತಿಯ ಕಡೆಯ ರಸ್ತೆ ಬಂದು ಕೂಡುವಲ್ಲಿ ಸವಳಂಗವೆಂಬ ಊರಿದೆ. ಶಿವಮೊಗ್ಗೆಯ ಪಟ್ಟಣದೊಳಗಣ ಒಂದು ಪ್ರಮುಖ ರಸ್ತೆಯೇ ಈ ಊರಿನ ಹೆಸರನ್ನು ಹೊತ್ತಿದೆ. ಹೀಗೆ ದಾರಿಯ ಮೇಲೆಯೇ ಇರುವ ಊರಿಗೆ ಗಾಡಿಗಳ ಪರಿಚಯವನ್ನು ಯಾರೂ ಮಾಡಿಕೊಡಬೇಕಾದ್ದಿಲ್ಲ. ಅಲ್ಲಿಯ ಒಬ್ಬ ಗೃಹಸ್ಥನ ಹಿತ್ತಲಿನ ಕೊಟ್ಟಿಗೆಯಲ್ಲಿ, ಅವನ ಅಜ್ಜನು 1958ರಲ್ಲಿ ಕೊಂಡ ಅಂಬಾಸಿಡರ್ ಮೋಟಾರು ಗಾಡಿಯೊಂದು ನಿಂತಿದೆಯೆಂದು ವಾಚಕರು ಭಾವಿಸಲಿ. ಅದರ ಮೇಲೆ ಹುಲ್ಲಿನ ಹೊರೆ. ಒಳಗೆ, ಹಿಂದಿನ ಆಸನದ ಮೇಲೆ, ಮನೆಯ ಕೋಳಿಯ ವಾಸ. ಒಂದು ದಿನ ಆ ಗೃಹಸ್ಥನಿಗೆ ಅಜ್ಜನ ಗಾಡಿಯನ್ನು ಮತ್ತೆ ದಾರಿಗೆ ತರಬೇಕೆಂಬ ಬುದ್ಧಿ ಹುಟ್ಟಿತು. ಗಾಡಿಯೂ ಗೃಹಸ್ಥನೂ ಉದಾಹರಣೆಗೆಂದು ಕಲ್ಪಿಸಿದವರು. ಆದರೆ ಅವನಿಗೆ ಮುಂದೆ ಒದಗುವ ಕಷ್ಟಗಳಲ್ಲಿ ಕಲ್ಪನೆಯ ಅಂಶವು ಅತ್ಯಲ್ಪ.

ಇಂತಹ ಗಾಡಿಗಳಿಗಾಗಿ ಭಾರತ ಸರಕಾರವು 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿಯನ್ನು ಮಾಡಿತು. ಮೊದಲು ದಾಖಲಾದಂದಿನಿಂದ 50 ವರ್ಷ ಕಳೆದ ಗಾಡಿಯನ್ನು ಪುರಾತನ ವಾಹನವೆಂದು ಬೇರೆಯಾಗಿ ದಾಖಲು ಮಾಡಿಕೊಳ್ಳಲು ಅದು ಅವಕಾಶವನ್ನು ಕೊಟ್ಟಿದೆ. ಆ ತಿದ್ದುಪಡಿ ಗೊತ್ತುಮಾಡಿದಂತೆ ಹೊಸ ದಾಖಲೆಗೆ 20,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಆದರೆ ಈ ಅನುಗ್ರಹಕ್ಕೆ ಒಂದು ಕರಾರು ಉಂಟು. ಗಾಡಿಯು ತನ್ನ ಮೂಲರೂಪದಲ್ಲಿ ಉಳಿದಿರಬೇಕು; ಚಾಸಿ, ಬಾಡಿ, ಎಂಜಿನುಗಳನ್ನು ಮಾರ್ಪಡಿಸಿರಬಾರದು. ಕರಾರು ನ್ಯಾಯವಾದದ್ದೇ. ಹೆಸರು ಹಳೆಯದು, ಒಡಲು ಹೊಸದು ಎಂಬಂತಾದ ವಸ್ತುವನ್ನು ಪುರಾತನವೆಂದು ಕರೆಯುವುದು ಯಾರಿಗೂ ಶೋಭಿಸದು. ಆದರೆ ಇಲ್ಲಿಯೇ ಪ್ರಶ್ನೆ ಹುಟ್ಟುತ್ತದೆ: 1958ರ ಗಾಡಿಯ ಮೂಲರೂಪವು ಯಾವುದು? ಅದನ್ನು ಹೇಳಬಲ್ಲ ಅಜ್ಜನಿಲ್ಲ, ಅಂದಿನ ಮೇಸ್ತ್ರಿಯಿಲ್ಲ, ಗಾಡಿಯೊಡನೆ ಬಂದ ಕೈಪಿಡಿಯು ಯಾವುದೋ ಮಳೆಗಾಲದಲ್ಲಿ ಗೆದ್ದಲಿಗೆ ಆಹಾರವಾಯಿತು. ಹೀಗಿರಲು, ಆ ಗಾಡಿ ಹೊಸದಾಗಿ ಬೀದಿಗೆ ಬಂದಾಗ ಅದನ್ನು ಓಡಿಸಿ ನೋಡಿ, ತೂಗಿ, ಅಳೆದು, ಗುಣದೋಷಗಳನ್ನು ಬರೆದಿಟ್ಟ ಪತ್ರಿಕಾ ವಿಮರ್ಶೆಯೊಂದೇ ಅವನಿಗೆ ಉಳಿಯುವ ಸಾಕ್ಷಿ. ಅದನ್ನು ಹುಡುಕಲು ಅವನು ಹೊರಡುತ್ತಾನೆ.

ಮೊದಲು ಅವನ ಕೈಗೆ ಸಿಕ್ಕುವುದು ಇಂಗ್ಲೆಂಡಿನ ವಿಮರ್ಶೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಬಾಸಿಡರ್ ಗಾಡಿಯು ಇಂಗ್ಲೆಂಡಿನಲ್ಲಿ 1956ರಲ್ಲಿ ಹೊರಬಂದ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಶ್ರೇಣಿಯ ಭಾರತೀಯ ಅವತಾರ. ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಇದನ್ನು 2014ರ ಮೇ ತಿಂಗಳವರೆಗೆ ತಯಾರಿಸಿದರು. ಆ ದೇಶದಲ್ಲಿ ಮೋಟಾರು ಪತ್ರಿಕೆಗಳ ಪರಂಪರೆಯು ಹಳೆಯದು. ‘ಆಟೋಕಾರ್’ ವಾರಪತ್ರಿಕೆ ಹುಟ್ಟಿದ್ದು 1895ರಲ್ಲಿ. ಹೊಸ ಗಾಡಿಯನ್ನು ದಾರಿಯಲ್ಲಿ ಕ್ರಮವಾಗಿ ಪರೀಕ್ಷಿಸಿ ಅಂಕಿಗಳೊಡನೆ ವರದಿ ಮಾಡುವ ಪದ್ಧತಿಯನ್ನು ಅದು 1928ರಲ್ಲಿ ಆರಂಭಿಸಿತು. ನಿಂತಲ್ಲಿಂದ ಹೊರಟ ಗಾಡಿ ಗಂಟೆಗೆ ಇಷ್ಟು ಮೈಲಿಯ ವೇಗವನ್ನು ಮುಟ್ಟಲು ಎಷ್ಟು ಸೆಕೆಂಡು ಬೇಕು, ಬ್ರೇಕು ಒತ್ತಿದರೆ ಎಷ್ಟು ಅಡಿಯೊಳಗೆ ನಿಲ್ಲುತ್ತದೆ, ಒಂದು ಗ್ಯಾಲನ್ ಪೆಟ್ರೋಲಿಗೆ ಎಷ್ಟು ಮೈಲಿ ಓಡುತ್ತದೆ, ತಿರುಗಲು ಎಷ್ಟು ಜಾಗ ಬೇಕು, ಗಾಡಿಯ ತೂಕವೆಷ್ಟು, ಬೆಲೆಯೆಷ್ಟು – ಇವೆಲ್ಲ ಅಲ್ಲಿ ದಾಖಲಾಗುತ್ತವೆ. 1924ರಿಂದ ಬರುತ್ತಿರುವ ‘ಮೋಟರ್ ಸ್ಪೋರ್ಟ್’ ಎಂಬ ಮಾಸಪತ್ರಿಕೆಯು ತನ್ನ ಹಳೆಯ ಸಂಚಿಕೆಗಳ ಭಂಡಾರವನ್ನೆಲ್ಲ ಅಂತರಜಾಲದಲ್ಲಿ ತೆರೆದಿಟ್ಟಿದೆ. ಹಳೆಯ ವಿಮರ್ಶೆಗಳನ್ನು ಗಾಡಿಗೊಂದು ಪುಸ್ತಕದಂತೆ ಒಟ್ಟುಗೂಡಿಸಿ ಮರುಮುದ್ರಿಸುವುದನ್ನೇ ‘ಬ್ರೂಕ್‌ಲ್ಯಾಂಡ್ಸ್ ಬುಕ್ಸ್’ ಎಂಬ ಪ್ರಕಾಶನವು ಕಸುಬಾಗಿ ಮಾಡಿಕೊಂಡಿದೆ. ಬ್ಯೂಲಿ ಎಂಬಲ್ಲಿರುವ ಮೋಟಾರು ವಸ್ತುಸಂಗ್ರಹಾಲಯವು ಗಾಡಿಗಳನ್ನು ಇಟ್ಟುಕೊಂಡಷ್ಟೇ ಅಕ್ಕರೆಯಿಂದ ಗಾಡಿಗಳ ಕುರಿತ ಪತ್ರಿಕೆಗಳನ್ನೂ ಇಟ್ಟುಕೊಂಡಿದೆ.

ಸವಳಂಗದ ಗೃಹಸ್ಥನು ಇಂಗ್ಲಿಷ್ ವಿಮರ್ಶೆಯನ್ನು ಓದಿ ಸಂತೋಷಪಡುತ್ತಾನೆ. ಅದರಲ್ಲಿ ಎಂಜಿನು 1489 ಸಿ.ಸಿ. ಎಂದಿದೆ, ಅದರ ವಾಲ್ವುಗಳು ಸಿಲಿಂಡರಿನ ತಲೆಯ ಮೇಲಿವೆ. ಕೊಟ್ಟಿಗೆಗೆ ಹೋಗಿ ಮೂತಿಯ ಮುಚ್ಚಳವನ್ನೆತ್ತಿ ನೋಡಿದರೆ ಅಲ್ಲಿಯೂ ಅದೇ ಎಂಜಿನು! ಇನ್ನೇನು, ಅಜ್ಜನ ಗಾಡಿ ಮೂಲರೂಪದಲ್ಲಿಯೇ ಇದೆಯೆಂದು ಸಾರಿಗೆ ಕಚೇರಿಗೆ ಬರೆದುಕೊಡಬಹುದೆಂದು ಅವನು ನಿಶ್ಚಯಿಸುತ್ತಾನೆ. ಅವನ ನಿಶ್ಚಯ ತಪ್ಪು. ಭಾರತದಲ್ಲಿ ಮೊದಲು ತಯಾರಾದ ಅಂಬಾಸಿಡರ್ ಗಾಡಿಗಳಲ್ಲಿ ಇದ್ದುದು ಆ ಎಂಜಿನಲ್ಲ. ಅದಕ್ಕೆ ಹಿಂದಿನ ಲ್ಯಾಂಡ್‌ಮಾಸ್ಟರ್ ಗಾಡಿಯಿಂದ ಬಂದ, ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ, 1476 ಸಿ.ಸಿ.ಯ ಹಳೆಯ ಎಂಜಿನು. 1489 ಸಿ.ಸಿ.ಯದು ಇಲ್ಲಿಗೆ ಬಂದದ್ದು 1959ರಲ್ಲಿ. ಎಂದ ಮೇಲೆ, 1958ರ ಗಾಡಿಯಲ್ಲಿ ಇಂದು ಕಾಣುವ ಎಂಜಿನನ್ನು ನಡುವೆ ಎಂದೋ ಯಾರೋ ಬದಲಾಯಿಸಿದ್ದಾರೆ. ಪರದೇಶದ ವಿಮರ್ಶೆಯು ಸುಳ್ಳು ಹೇಳಲಿಲ್ಲ. ಅದು ಬೇರೆ ಗಾಡಿಯ ವಿಷಯವಾಗಿ ನಿಜ ಹೇಳಿತು. ಅಣ್ಣನ ಜಾತಕವನ್ನು ತಂದು ತಮ್ಮನ ಭವಿಷ್ಯ ಹೇಳಿದಂತಾಯಿತು.

ಈ ಒಂದು ಉದಾಹರಣೆಯಿಂದ ಸಿದ್ಧವಾಗುವುದೇನು? ಹೊರಗಿನವರು ಕಾಪಾಡಿಕೊಂಡ ಕಾಗದವು ಇಲ್ಲಿಯ ವಸ್ತುವಿಗೆ ಪೂರ್ಣವಾದ ಸಾಕ್ಷಿಯಾಗಲಾರದು. ಇಲ್ಲಿಯ ಗಾಡಿ, ಇಲ್ಲಿಯ ರಸ್ತೆ, ಇಲ್ಲಿಯ ಪೆಟ್ರೋಲು, ಇಲ್ಲಿಯ ಬಿಸಿಲು – ಇವುಗಳ ನಡುವೆ ಆ ಗಾಡಿ ಹೇಗೆ ನಡೆದುಕೊಂಡಿತೆಂಬುದಕ್ಕೆ ಇಲ್ಲಿ ಅಚ್ಚಾದ ಪತ್ರಿಕೆಗಳೇ ಆಧಾರ. ಆ ಪತ್ರಿಕೆಗಳು ಎಲ್ಲಿ ಹೋದವು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಓದು ಬರಹ ಬಲ್ಲ ಪ್ರತಿಯೊಂದು ಮನೆಯೂ ತನ್ನ ಅಟ್ಟವನ್ನು ಕೇಳಿಕೊಂಡರೆ ಸಾಕು.

ಅವನು ಅಂತಹ ಮನೆಯೊಂದಕ್ಕೆ ಹೋಗುತ್ತಾನೆ. ಆ ಮನೆಯ ಹಿರಿಯರು ಐವತ್ತು ವರ್ಷ ಪತ್ರಿಕೆಗಳನ್ನು ತರಿಸಿದವರು. ಪ್ರತಿ ಸಂಚಿಕೆಯ ಮೇಲೆ ಬಂದ ತಾರೀಖನ್ನು ಬರೆದು ಜೋಡಿಸಿಟ್ಟವರು. ಅವರ ಸೊಸೆ ಬಾಗಿಲಲ್ಲಿ ನಿಂತು, “ಅಯ್ಯೋ, ಹೋದ ದೀಪಾವಳಿಗೆ ಮನೆಗೆ ಸುಣ್ಣ ಬಳಿಸುವಾಗ ಎಲ್ಲ ರದ್ದಿಯವನಿಗೆ ಕೊಟ್ಟುಬಿಟ್ಟೆವಲ್ಲಪ್ಪಾ! ಯಾರಾದರೂ ಕೇಳುತ್ತಾರೆ ಅಂತ ಗೊತ್ತಿದ್ದರೆ ಇಟ್ಟಿರುತ್ತಿದ್ದೆವು” ಎನ್ನುತ್ತಾಳೆ. ಆಕೆಯ ಮಾತಿನಲ್ಲಿ ಕಪಟವಿಲ್ಲ. ಮನೆಯಲ್ಲಿ ಜಾಗ ಸಾಲದು. ಕಾಗದಕ್ಕೆ ಹುಳು ಬೀಳುತ್ತದೆ. ಕೇಳುವವರು ಒಬ್ಬರೂ ಬಂದಿರಲಿಲ್ಲ. ಹಿರಿಯರು ಐವತ್ತು ವರ್ಷ ಕೂಡಿಸಿದ್ದು ಒಂದು ಬೆಳಗಿನಲ್ಲಿ ತಕ್ಕಡಿಯನ್ನೇರಿತು. ತಕ್ಕಡಿಯು ಕಾಗದದ ತೂಕವನ್ನು ಬಲ್ಲದು; ಅದರ ಮೇಲಿನ ಅಕ್ಷರದ ತೂಕವನ್ನು ಅರಿಯದು. ಆ ಅಕ್ಷರದ ತೂಕವನ್ನು ತಿಳಿಸಿ ಹೇಳಬೇಕಾದವರು ಯಾರು? ಸಾಹಿತ್ಯ ಸಂಘಗಳು, ಗ್ರಂಥಾಲಯಗಳು, ವಿದ್ಯಾವಂತರು. ಅವರು ಹೇಳಿದರೇ? ಇಲ್ಲ. ಆದಕಾರಣ ತಪ್ಪಿನ ಮುಖ್ಯ ಭಾಗವು ಆ ಗೃಹಿಣಿಯದಲ್ಲ.

ಗ್ರಂಥಾಲಯದಲ್ಲಿ ಹುಡುಕುವವನ ಪಾಡು ಇನ್ನೊಂದು ಬಗೆ. ಅಲ್ಲಿ ಸಂಪುಟಗಳು ಸಿಕ್ಕುವುದುಂಟು. ಆದರೆ ಸಂಪುಟವನ್ನು ಕಟ್ಟುವಾಗ ನಡೆಯುವ ಸಂಸ್ಕಾರವು ವಿಚಿತ್ರವಾದದ್ದು. ಮುಖಪುಟವನ್ನು ಕಿತ್ತು ಎಸೆಯುವುದು ಮೊದಲನೆಯದು. ಮುಂದೆಯೂ ಹಿಂದೆಯೂ ಇರುವ ಜಾಹೀರಾತಿನ ಹಾಳೆಗಳನ್ನು ತೆಗೆದುಬಿಡುವುದು ಎರಡನೆಯದು. ಉಳಿದದ್ದನ್ನು ಅಂಚು ಸಮವಾಗುವಂತೆ ಕತ್ತರಿಸಿ ರಟ್ಟು ಹಾಕುವುದು ಮೂರನೆಯದು. ಕೆಲವೆಡೆ ಆ ಕತ್ತರಿಯು ಪುಟಸಂಖ್ಯೆಯನ್ನೂ ನುಂಗುತ್ತದೆ. ಹೀಗೆ ಮಾಡುವವರ ಉದ್ದೇಶ ಕೆಟ್ಟದ್ದಲ್ಲ. ಲೇಖನವೇ ಸಾರ, ಮಿಕ್ಕದ್ದು ಹೊಟ್ಟು ಎಂಬುದು ಅವರ ನಂಬಿಕೆ. ಆದರೆ ಮುಖಪುಟ ಹೋದರೆ ತಿಂಗಳು ಹೋಯಿತು. ಜಾಹೀರಾತು ಹೋದರೆ ಬೆಲೆ ಹೋಯಿತು. ಅಂಚು ಹೋದರೆ ಪುಟ ಹೋಯಿತು. ತಿಂಗಳೂ ಬೆಲೆಯೂ ಪುಟವೂ ಇಲ್ಲದ ಲೇಖನವು ಸಹಿಯಿಲ್ಲದ ಕ್ರಯಪತ್ರದಂತೆ. ಓದಲು ಚೆನ್ನ, ಮುಂದಿಟ್ಟು ವಾದಿಸಲು ಬಾರದು.

ಇಲ್ಲಿ ಕೆಲವು ಪೂರ್ವಪಕ್ಷಗಳು ಏಳುತ್ತವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ಮೊದಲನೆಯ ಆಕ್ಷೇಪಣೆಯು ಸಾಹಿತ್ಯಾಭಿಮಾನಿಗಳದು. ಮೋಟಾರು ಗಾಡಿಯ ವಿಮರ್ಶೆಯು ಸಾಹಿತ್ಯವೇ? ಕಾವ್ಯ, ಕಥೆ, ಪ್ರಬಂಧಗಳನ್ನು ಕಾಪಾಡಲೇ ಹಣವೂ ಸ್ಥಳವೂ ಸಾಲದಿರುವಾಗ, ಎಂಜಿನು ಬ್ರೇಕುಗಳ ವರದಿಗಾಗಿ ಸಾಹಿತ್ಯ ಸಂಘವು ಏಕೆ ತಲೆ ಕೆಡಿಸಿಕೊಳ್ಳಬೇಕು? – ಹೀಗೆಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರವು ಇದೇ ಸೀಮೆಯ ಕಲ್ಲುಗಳಲ್ಲಿದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟವು 1902ರಲ್ಲಿ ಪ್ರಕಟವಾಯಿತು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಸವಳಂಗದಿಂದ ಶಿಕಾರಿಪುರದ ಆಚೆಗೆ ಹೋದರೆ ಸಿಗುವ ತಾಳಗುಂದದ ಸ್ತಂಭಶಾಸನವೂ ಅದರಲ್ಲಿಯೇ ಇದೆ. ಕುಬ್ಜಕವಿಯು ಕದಂಬರ ವಂಶವನ್ನು ವರ್ಣಿಸಿದ ಆ ಶಾಸನವು ಸಂಸ್ಕೃತ ಕಾವ್ಯವೆಂದು ಮನ್ನಣೆ ಪಡೆದದ್ದು. ರೈಸ್ ಅವರು ಕಾವ್ಯಗುಣವುಳ್ಳ ಕಲ್ಲುಗಳನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಬಿಟ್ಟಿದ್ದರೆ ಏನಾಗುತ್ತಿತ್ತು? ತುರು ಕಾಯುವಾಗ ಸತ್ತ ವೀರನ ಕಲ್ಲು, ಗದ್ದೆಯ ದಾನದ ಕಲ್ಲು, ಸುಂಕ ಬಿಟ್ಟ ಕಲ್ಲು – ಇವೆಲ್ಲ ಅಲಕ್ಷ್ಯಕ್ಕೆ ಗುರಿಯಾಗುತ್ತಿದ್ದವು. ಆಗ ರಾಜರ ಹೊಗಳಿಕೆ ಉಳಿಯುತ್ತಿತ್ತು. ಪ್ರಜೆಗಳ ಬಾಳು ಮರೆಯಾಗುತ್ತಿತ್ತು. ಇಂದು ಈ ನಾಡಿನ ಹಳೆಯ ಜನಜೀವನವನ್ನು ಕುರಿತು ಬರೆಯುವವರೆಲ್ಲರೂ ಆ ‘ಸಾಹಿತ್ಯವಲ್ಲದ’ ಕಲ್ಲುಗಳಿಗೇ ಹೆಚ್ಚಾಗಿ ಋಣಿಗಳು. ಕಲ್ಲಿನ ವಿಷಯದಲ್ಲಿ ಒಪ್ಪುವ ನ್ಯಾಯವನ್ನು ಕಾಗದದ ವಿಷಯದಲ್ಲಿ ನಿರಾಕರಿಸುವುದು ಹೇಗೆ? ಎಣ್ಣೆಗಾಣದ ಸುಂಕವು ಹನ್ನೆರಡನೆಯ ಶತಮಾನದ್ದಾದರೆ ಸಂಶೋಧನೆ. ಪೆಟ್ರೋಲಿನ ಬೆಲೆಯು ಇಪ್ಪತ್ತನೆಯ ಶತಮಾನದ್ದಾದರೆ ರದ್ದಿ! ಇದು ವಿವೇಕವಲ್ಲ, ವಿಳಂಬ. ಇನ್ನೂ ಎಂಟುನೂರು ವರ್ಷ ಕಳೆಯಲಿ ಎಂದು ಕಾಯುವ ವಿಳಂಬ. ಕಲ್ಲು ಕಾಯಬಲ್ಲುದು, ಕಾಗದ ಕಾಯದು.

ಇನ್ನು ಸಾಹಿತ್ಯವೂ ಮೋಟಾರೂ ಬೇರೆ ಬೇರೆ ಮನೆತನಗಳೆಂಬ ಭಾವನೆಯೇ ಕನ್ನಡದ ಚರಿತ್ರೆಗೆ ಒಪ್ಪುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೂ ಸ್ಥಾಪಿತವಾದಾಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು, ಎರಡಕ್ಕೂ ಅವರ ಪ್ರೇರಣೆಯಿತ್ತು. ಅದೇ ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ವರ್ಷ ಕಳೆದ ವಯಸ್ಸಿನಲ್ಲಿ, ಭಾರತದಲ್ಲಿ ಮೋಟಾರು ಕಾರ್ಖಾನೆಯನ್ನು ಕಟ್ಟಬೇಕೆಂಬ ಸಂಕಲ್ಪದಿಂದ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದರು. ಕಾರ್ಖಾನೆಯು ಮೊದಲು ಮುಂಬಯಿಯಲ್ಲಿ, ಆಮೇಲೆ ಮೈಸೂರು ಸಂಸ್ಥಾನದಲ್ಲಿ ಆಗಬೇಕೆಂದು ಪ್ರಯತ್ನ ನಡೆಯಿತು. ಅಂದಿನ ಭಾರತ ಸರಕಾರದ ವಿರೋಧದಿಂದ ಮೈಸೂರಿನ ಯೋಜನೆ ಕೈಗೂಡಲಿಲ್ಲ. ಆ ಉದ್ಯಮದಲ್ಲಿ ಅವರ ಜೊತೆಗಾರರಾಗಿದ್ದ ವಾಲಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಮುಂಬಯಿಯಲ್ಲಿಯೇ ಸ್ಥಾಪಿಸಿದರು. ಮುಂದೆ ನಾಡಿನ ಬೀದಿಗಳಲ್ಲೆಲ್ಲ ಓಡಿದ ಫಿಯಟ್ 1100, ಅದರ ಮುಂದಿನ ರೂಪವಾದ ಪದ್ಮಿನಿ – ಇವು ಆ ಸಂಸ್ಥೆಯಿಂದ ಬಂದವು. ಎಂದರೆ, ಫಿಯಟ್ ಗಾಡಿಯ ಹಳೆಯ ವಿಮರ್ಶೆಯೊಂದನ್ನು ಹುಡುಕುವ ಕನ್ನಡಿಗನು ಬರಿಯ ಯಂತ್ರದ ಚರಿತ್ರೆಯನ್ನು ಹುಡುಕುತ್ತಿಲ್ಲ. ಮೈಸೂರಿನಲ್ಲಿ ಆಗಬೇಕಾಗಿದ್ದು ಆಗದೆ ಹೋದ ಒಂದು ಉದ್ಯಮದ ಶೇಷವನ್ನು ಹುಡುಕುತ್ತಿದ್ದಾನೆ. ಪರಿಷತ್ತಿನ ಹುಟ್ಟಿಗೆ ಪ್ರೇರಕರಾದವರೇ ಮೋಟಾರಿಗಾಗಿ ದೇಶ ಸುತ್ತಿದರು. ಅವರ ಹೆಸರಿನಲ್ಲಿ ಸಭೆ ನಡೆಸುವವರು ಮೋಟಾರಿನ ಮಾತೆತ್ತಿದರೆ ಮೂಗು ಮುರಿಯುತ್ತಾರೆ.

ಕನ್ನಡದಲ್ಲಿ ಇಂತಹ ಬರಹಕ್ಕೆ ಪರಂಪರೆಯಿಲ್ಲವೆಂದೂ ಹೇಳಲಾಗದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು 1918ರಲ್ಲಿಯೇ ಹೊರಡಿಸಿದರು. ಅದು ಬಾಳಿದ್ದು ಎರಡೇ ವರ್ಷ. ಅಲ್ಪಾಯುವಾದ ಪತ್ರಿಕೆಯ ಒಂದೊಂದು ಸಂಚಿಕೆಯೂ ದೀರ್ಘಾಯುವಾದ ಪತ್ರಿಕೆಯ ಸಂಚಿಕೆಗಿಂತ ಹೆಚ್ಚು ಬೆಲೆಯುಳ್ಳದ್ದು; ಏಕೆಂದರೆ ಅದರ ಪ್ರತಿಗಳು ಮೊದಲೇ ವಿರಳ, ಕಳೆದರೆ ತುಂಬಿಕೊಡುವವರಿಲ್ಲ. ಆದರೂ ರದ್ದಿಯ ರಾಶಿಗೆ ಮೊದಲು ಬೀಳುವುದು ಅಂತಹವೇ. ಹೆಸರು ಕೇಳಿರದ ಪತ್ರಿಕೆ, ನಿಂತುಹೋದ ಪತ್ರಿಕೆ, ಯಾರಿಗೆ ಬೇಕು? – ಎನ್ನುವುದು ಲೋಕರೂಢಿ.

ಎರಡನೆಯ ಆಕ್ಷೇಪಣೆಯು ಅನುಮಾನ ಪ್ರವೃತ್ತಿಯವರದು. ಪತ್ರಿಕೆಗಳಲ್ಲಿ ಬರುವ ಗಾಡಿಯ ವಿಮರ್ಶೆಯು ಗಾಡಿ ಮಾಡಿದವರ ದಾಕ್ಷಿಣ್ಯಕ್ಕೆ ಕಟ್ಟುಬಿದ್ದದ್ದು. ಅವರ ಜಾಹೀರಾತಿನ ಹಣದಿಂದಲೇ ಪತ್ರಿಕೆಯು ನಡೆಯುತ್ತದೆ. ಅದರ ಮಾತನ್ನು ಸಾಕ್ಷಿಯೆಂದು ಹೇಗೆ ನಂಬುವುದು? – ಎಂದು ಅವರು ಕೇಳುತ್ತಾರೆ. ಈ ಸಂದೇಹದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಸಂದೇಹಪಡುವುದಕ್ಕೂ ಕಾಗದ ಬೇಕು. ವಿಮರ್ಶೆಯು ಇದ್ದ ಸಂಚಿಕೆಯಲ್ಲಿಯೇ ಅದೇ ಗಾಡಿಯ ದೊಡ್ಡ ಜಾಹೀರಾತು ಇತ್ತೇ ಇಲ್ಲವೇ ಎಂಬುದನ್ನು ನೋಡಿದರೆ ತಾನೆ ವಿಮರ್ಶಕನ ದಾಕ್ಷಿಣ್ಯವನ್ನು ಅಳೆಯುವುದು? ಆ ಜಾಹೀರಾತಿನ ಹಾಳೆಯನ್ನೇ ಕಿತ್ತು ಎಸೆದ ಮೇಲೆ ವಿಮರ್ಶೆಯನ್ನು ನಂಬಲೂ ಆಗದು, ನಂಬದಿರಲೂ ಆಗದು. ಅಲ್ಲದೆ ಹೊಗಳಿಕೆ ಬೇರೆ, ಅಳತೆ ಬೇರೆ. ‘ಸುಖಾಸನ’, ‘ರಾಜಗಾಂಭೀರ್ಯ’ ಎಂಬ ಮಾತುಗಳನ್ನು ಬಿಟ್ಟುಬಿಡಬಹುದು. ಎಂಜಿನಿನ ಗಾತ್ರ, ಟೈರಿನ ಅಳತೆ, ಅಂದಿನ ಬೆಲೆ – ಇವು ದಾಕ್ಷಿಣ್ಯದಿಂದ ಬದಲಾಗುವ ವಸ್ತುಗಳಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವಿಮರ್ಶಕನಿಗೆ ಗಾಡಿಯ ಮುಂದಿನ ಕಥೆಯು ಗೊತ್ತಿರಲಿಲ್ಲ. ಅಂಬಾಸಿಡರ್ ಮಂತ್ರಿಗಳ ವಾಹನವಾಗುವುದೆಂದೂ, ಅರ್ಧ ಶತಮಾನಕ್ಕೂ ಮಿಕ್ಕಿ ಓಡುವುದೆಂದೂ ತಿಳಿಯದೆ ಅವನು ಬರೆದನು. ಇಂದು ಬರೆಯುವವನು ಆ ಕಥೆಯ ಕೊನೆಯನ್ನು ಬಲ್ಲವನಾದ್ದರಿಂದ, ಆದಿಯನ್ನೂ ಅದಕ್ಕೆ ತಕ್ಕಂತೆ ಬಣ್ಣಿಸುತ್ತಾನೆ. ಮದುವೆಯ ದಿನ ಬರೆದ ಕಾಗದಕ್ಕೂ ಷಷ್ಟ್ಯಬ್ದಿಯ ದಿನ ಮಾಡಿದ ಭಾಷಣಕ್ಕೂ ಇರುವ ಅಂತರವೇ ಇಲ್ಲಿರುವುದು.

ಮೂರನೆಯ ಆಕ್ಷೇಪಣೆ ಈ ಕಾಲದ್ದು. ಆದ್ದರಿಂದಲೇ ಹೆಚ್ಚು ಅಪಾಯಕರವಾದದ್ದು. “ಈಗ ಎಲ್ಲವೂ ಅಂತರಜಾಲದಲ್ಲಿದೆ, ಕಾಗದವನ್ನು ಇಟ್ಟುಕೊಂಡು ಮಾಡುವುದೇನು?” ಎಂಬ ಮಾತನ್ನು ಓದಿದವರ ಬಾಯಿಂದಲೇ ಕೇಳಬೇಕಾಗಿದೆ. ಜಾಲದಲ್ಲಿ ಇರುವುದು ಯಾವುದು? ಯಾರೋ ಒಬ್ಬರು ಕಾಪಾಡಿಕೊಂಡ ಕಾಗದದ ಚಿತ್ರ. ಕಾಗದವೇ ಇಲ್ಲದಿದ್ದರೆ ಚಿತ್ರವು ಎಲ್ಲಿಂದ ಬಂದೀತು? ಇಂಗ್ಲಿಷ್ ಗಾಡಿಯ ವಿಮರ್ಶೆ ಜಾಲದಲ್ಲಿ ಸಿಕ್ಕಿದ್ದು ಇಂಗ್ಲೆಂಡಿನವರು ಯಂತ್ರಕುಶಲರೆಂದಲ್ಲ, ಸಂಚಿಕೆಗಳನ್ನು ಎಸೆಯಲಿಲ್ಲವೆಂದು. ಕನ್ನಡದ ಹಳೆಯ ಪುಸ್ತಕಗಳೂ ಪತ್ರಿಕೆಗಳೂ ಕೆಲವರ ಶ್ರಮದಿಂದ ಜಾಲಕ್ಕೆ ಏರಿವೆ. ಆ ಕೆಲಸ ಮಾಡಿದವರಿಗೆ ನಾಡು ಕೃತಜ್ಞವಾಗಿರಬೇಕು. ಆದರೆ ಅವರು ಚಿತ್ರ ತೆಗೆದದ್ದು ಗ್ರಂಥಾಲಯಗಳಲ್ಲಿ ಹೇಗಿತ್ತೋ ಹಾಗೆ. ಮುಖಪುಟ ಕಿತ್ತ ಸಂಪುಟದ ಚಿತ್ರದಲ್ಲಿ ಮುಖಪುಟವು ಮೂಡಲಾರದು. ಇಷ್ಟಲ್ಲದೆ, ಹಳೆಯ ಅಚ್ಚಿನ ಕನ್ನಡವನ್ನು, ಅದರ ಒತ್ತಕ್ಷರಗಳನ್ನು, ಮಾಸಿದ ಮೊಳೆಗಳನ್ನು ಯಂತ್ರವು ಇಂದಿಗೂ ತಪ್ಪಿಲ್ಲದೆ ಓದದು. ಆದುದರಿಂದ ಪದವನ್ನು ಕೊಟ್ಟು ಹುಡುಕಿದರೆ ಸಿಕ್ಕಲಿಲ್ಲವೆಂದ ಮಾತ್ರಕ್ಕೆ ಲೇಖನವಿಲ್ಲವೆಂದು ತೀರ್ಮಾನಿಸುವಂತಿಲ್ಲ. ಯಾವ ಸಂಚಿಕೆ, ಯಾವ ಪುಟವೆಂಬುದನ್ನು ಮನುಷ್ಯನೇ ಓದಿ ಸೂಚಿಯನ್ನು ಬರೆಯಬೇಕು.

ನಾಲ್ಕನೆಯ ಆಕ್ಷೇಪಣೆ: ಇದು ಸರಕಾರದ ಕೆಲಸ, ಕಾಯಿದೆಯಿದೆಯಲ್ಲ! ಹೌದು, ಕಾಯಿದೆಯಿದೆ. ಭಾರತದಲ್ಲಿ ಪ್ರಕಟವಾದ ಪುಸ್ತಕಗಳ ಪ್ರತಿಗಳನ್ನು ಗೊತ್ತಾದ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರ ಅಧಿನಿಯಮವು ವಿಧಿಸಿತು. 1956ರಲ್ಲಿ ವೃತ್ತಪತ್ರಿಕೆಗಳನ್ನೂ ಅದರೊಳಗೆ ಸೇರಿಸಲಾಯಿತು. ಆ ಗ್ರಂಥಾಲಯಗಳು ಯಾವುವು? ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯ, ಮದರಾಸಿನ ಕಾನ್ನಿಮೆರಾ, ಮುಂಬಯಿಯದೊಂದು, ದೆಹಲಿಯದೊಂದು. ಕನ್ನಡ ನಾಡಿನೊಳಗೆ ಒಂದೂ ಇಲ್ಲ. ಸವಳಂಗದವನು ಒಂದು ಪುಟದ ವಿಮರ್ಶೆಗಾಗಿ ಕಲ್ಕತ್ತೆಗೆ ಹೋಗಬೇಕೆಂದು ಹೇಳುವುದು ಕಾಯಿದೆಯ ಮಾತಾದೀತು, ಮನುಷ್ಯರ ಮಾತಾಗದು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು 1965ರದು. ಅದರ ಮೂಲಕ ಜನರು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯದ ಕರವನ್ನೂ ತೆರುತ್ತಿದ್ದಾರೆ. ಕರ ತೆತ್ತವರಿಗೆ ಹಳೆಯ ಸಂಚಿಕೆಯನ್ನು ಕೇಳುವ ಹಕ್ಕಿದೆ. ಆದರೆ ಆ ಹಕ್ಕನ್ನು ಚಲಾಯಿಸುವವರು ಎಷ್ಟು ಮಂದಿ? ಕೇಳುವವರಿಲ್ಲವೆಂದು ಗ್ರಂಥಾಲಯಗಳು ಎಸೆಯುತ್ತವೆ. ಗ್ರಂಥಾಲಯಗಳಲ್ಲಿ ಇರುವುದಿಲ್ಲವೆಂದು ಜನರು ಕೇಳುವುದಿಲ್ಲ. ಈ ಸುತ್ತನ್ನು ಎಲ್ಲಿಯಾದರೂ ಒಂದೆಡೆ ಕಡಿಯಬೇಕು.

ಈ ಸೀಮೆಗೆ ಇನ್ನೂ ಒಂದು ವಿಶೇಷವಾದ ತೊಡಕು ಉಂಟು. ದಾವಣಗೆರೆ ಜಿಲ್ಲೆಯು ರಚಿತವಾದದ್ದು 1997ರಲ್ಲಿ. ಹೊನ್ನಾಳಿ, ಚನ್ನಗಿರಿಗಳು ಅದಕ್ಕೆ ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಊರುಗಳು ಕುಳಿತಲ್ಲಿಯೇ ಕುಳಿತವು; ಅವುಗಳ ಕಾಗದಪತ್ರಗಳ ವಿಳಾಸ ಮಾತ್ರ ಬದಲಾಯಿತು. ಸವಳಂಗದವನು 1958ರ ಕಾಗದಕ್ಕಾಗಿ ದಾವಣಗೆರೆಗೆ ಹೋಗಬೇಕೇ, ಶಿವಮೊಗ್ಗೆಗೆ ಹೋಗಬೇಕೇ? ಎರಡೂ ಕಡೆಗಳಲ್ಲಿ ವಿಚಾರಿಸುವುದೇ ಕ್ಷೇಮ. ಶಿವಮೊಗ್ಗೆಯ ಕರ್ನಾಟಕ ಸಂಘವು 1930ರಿಂದ ನಡೆದು ಬಂದಿದೆ. ಅಂತಹ ಹಳೆಯ ಸಂಘಗಳೂ ಹೊಸ ಜಿಲ್ಲೆಯ ಸಂಘಗಳೂ ತಮ್ಮಲ್ಲಿರುವ ಸಂಚಿಕೆಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಂಡರೆ ಹುಡುಕುವವನ ಅರ್ಧ ದಾರಿ ಸವೆಯುತ್ತದೆ. ಜಿಲ್ಲೆಯ ಗಡಿಯು ಕಂದಾಯಕ್ಕೆ ಸಂಬಂಧಿಸಿದ್ದು. ಅಕ್ಷರಕ್ಕೆ ಆ ಗಡಿ ಸಲ್ಲದು.

ಬರಿಯ ಖಂಡನೆಯಿಂದ ಪ್ರಯೋಜನವಿಲ್ಲ. ಆಗಬೇಕಾದ್ದು ಏನು? ಮೊದಲನೆಯದಾಗಿ, ಪ್ರತಿಯೊಂದು ಜಿಲ್ಲಾ ಸಂಘವೂ ಒಂದು ನೋಟು ಪುಸ್ತಕವನ್ನು ತೆರೆಯಬೇಕು. ಯಾರ ಮನೆಯಲ್ಲಿ ಯಾವ ಪತ್ರಿಕೆಯ ಯಾವ ಯಾವ ವರ್ಷದ ಸಂಚಿಕೆಗಳಿವೆ, ನಡುವೆ ಯಾವ ತಿಂಗಳುಗಳು ಇಲ್ಲ ಎಂಬುದನ್ನು ಮನೆಯವರ ಒಪ್ಪಿಗೆಯಿಂದ ಅದರಲ್ಲಿ ಬರೆಯಬೇಕು. ಸಂಚಿಕೆಗಳು ಮನೆಯಲ್ಲಿಯೇ ಇರಲಿ. ಅವು ಇರುವ ಸುದ್ದಿ ಸಂಘದಲ್ಲಿರಲಿ. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ನಾಲ್ಕು ಭಾನುವಾರಗಳೂ ಇಬ್ಬರು ಉತ್ಸಾಹಿಗಳೂ ಸಾಕು. ಎರಡನೆಯದಾಗಿ, ಮಾರುವ ಮುಂಚೆ ಸಂಘಕ್ಕೆ 15 ದಿನದ ಮುನ್ಸೂಚನೆ ಕೊಡುವುದಾಗಿ ಆ ಮನೆಗಳವರು ಮಾತು ಕೊಡಬೇಕು. ಒಂದು ಜಿಲ್ಲೆಯಲ್ಲಿ ಒಂದು ಸಂಚಿಕೆಯ ಒಂದು ಪೂರ್ಣವಾದ ಪ್ರತಿ ಉಳಿದರೆ ಸಾಕು. ಮಿಕ್ಕವು ರದ್ದಿಗೆ ಹೋದರೂ ಯಾರೂ ಕಣ್ಣೀರು ಹಾಕಬೇಕಾದ್ದಿಲ್ಲ. ಸ್ಥಳ ಸಾಲದೆಂಬ ಗೃಹಿಣಿಯ ದೂರಿಗೆ ಇದೇ ನ್ಯಾಯವಾದ ಉತ್ತರ. ಮೂರನೆಯದಾಗಿ, ಸಂಪುಟ ಕಟ್ಟುವಾಗ ಮುಖಪುಟವನ್ನೂ ಜಾಹೀರಾತನ್ನೂ ಕೀಳಕೂಡದೆಂದು ಗ್ರಂಥಾಲಯಗಳು ಕಟ್ಟುವವನಿಗೆ ಬರಹದಲ್ಲಿ ಅಪ್ಪಣೆ ಕೊಡಬೇಕು. ನಾಲ್ಕನೆಯದಾಗಿ, ಸೂಚಿಯನ್ನು ಮಾಡುವವರು ಕವಿಗಳ ಹೆಸರಿನೊಡನೆ ತೃಪ್ತರಾಗದೆ, ಬೆಳೆ, ಔಷಧ, ಯಂತ್ರ, ಗಾಡಿ, ಬೆಲೆ ಮುಂತಾದ ವಿಷಯಗಳ ಸಣ್ಣ ಟಿಪ್ಪಣಿಗಳನ್ನೂ ಪುಟಸಹಿತವಾಗಿ ಸೇರಿಸಬೇಕು. ಐದನೆಯದಾಗಿ, ಚಿತ್ರ ತೆಗೆಯುವವರು ಬೇಕಾದ ಲೇಖನವೊಂದನ್ನೇ ತೆಗೆಯದೆ, ಮುಖಪುಟದಿಂದ ಹಿಂಪುಟದವರೆಗೆ ಇಡೀ ಸಂಚಿಕೆಯನ್ನು ತೆಗೆಯಬೇಕು.

ಕಾಗದದ ಆಯುಸ್ಸು ಇದಕ್ಕೆಲ್ಲ ಕಾಯುವುದಿಲ್ಲ. ಅಗ್ಗದ ಪತ್ರಿಕಾ ಕಾಗದವು ಮರವನ್ನು ಅರೆದು ಮಾಡಿದ್ದು. ಅದರೊಳಗೆ ಉಳಿದ ಮರದ ಅಂಟು ಬೆಳಕು ಗಾಳಿಗಳಿಗೆ ಹಳದಿಯಾಗಿ, ಆಮ್ಲ ಹುಟ್ಟಿ, ಹಾಳೆಯನ್ನು ಒಳಗಿನಿಂದಲೇ ತಿನ್ನುತ್ತದೆ. ಮಲೆನಾಡಿನ ಅಂಚಿನ ತೇವವು ಅದಕ್ಕೆ ನೆರವಾಗುತ್ತದೆ. ಶಿವಮೊಗ್ಗೆಯ ಆಚೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿತು; 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕಬ್ಬಿಣವನ್ನೂ ಕಾಗದವನ್ನೂ ಒಂದೇ ಊರಿನಲ್ಲಿ ತಯಾರಿಸಿದ ಸೀಮೆಯಿದು. ಕಬ್ಬಿಣದ ಗಾಡಿಗೆ ತುಕ್ಕು ಹಿಡಿದರೆ ಉಜ್ಜಿ ಬಣ್ಣ ಬಳಿಯಬಹುದು. ಹೋದ ಭಾಗವನ್ನು ಎರಕ ಹೊಯ್ದಾದರೂ ಮಾಡಿಸಬಹುದು. ಪುಡಿಯಾದ ಹಾಳೆಯನ್ನು ಮತ್ತೆ ಮಾಡಿಸಿಕೊಡುವ ಮೇಸ್ತ್ರಿಯು ಎಲ್ಲಿಯೂ ಇಲ್ಲ.

ಸವಳಂಗದ ಆ ಗೃಹಸ್ಥನಿಗೆ ವಿಮರ್ಶೆ ಸಿಕ್ಕಿತೇ? ಸಿಕ್ಕಿದರೆ ಅವನಿಗೆ ಬಹುಶಃ ನಷ್ಟವೇ ಆಗುತ್ತದೆ: ಅಜ್ಜನ ಗಾಡಿಯ ಎಂಜಿನು ಮೂಲದ್ದಲ್ಲವೆಂದು ತಿಳಿಯುತ್ತದೆ, ಹಳೆಯ ಎಂಜಿನನ್ನು ಹುಡುಕಿ ಕೂರಿಸುವವರೆಗೆ ಪುರಾತನ ವಾಹನವೆಂಬ ಹೆಸರು ದೂರವಾಗುತ್ತದೆ. ಸಿಕ್ಕದಿದ್ದರೆ ಅವನು ತಿಳಿಯದೆ ಒಂದು ಅಸತ್ಯಕ್ಕೆ ಸಹಿ ಹಾಕುತ್ತಾನೆ. ಕಚೇರಿಯವರೂ ತಿಳಿಯದೆ ಅದಕ್ಕೆ ಮೊಹರು ಹಾಕುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಅದೇ ಇತಿಹಾಸವಾಗುತ್ತದೆ. ಸಾಕ್ಷಿಯನ್ನು ತೂಕಕ್ಕೆ ಮಾರಿದ ಊರಿನಲ್ಲಿ ಸುಳ್ಳು ಹೇಳಲು ಸುಳ್ಳುಗಾರರೇ ಬೇಕಾಗಿಲ್ಲ. ಒಳ್ಳೆಯವರೂ ಸುಳ್ಳು ಹೇಳಬೇಕಾಗುತ್ತದೆ. ಮುಂದಿನ ದೀಪಾವಳಿಗೆ ಮನೆಗೆ ಸುಣ್ಣ ಬಳಿಸುವವರು ಅಟ್ಟದ ಕಟ್ಟನ್ನು ಇಳಿಸಿದಾಗ, ರದ್ದಿಯವನನ್ನು ಕೂಗುವ ಮೊದಲು, ಮೇಲಿನ ಸಂಚಿಕೆಯ ತಿಂಗಳನ್ನೂ ವರ್ಷವನ್ನೂ ಒಂದು ಚೀಟಿಯಲ್ಲಿ ಬರೆದು ಸಂಘಕ್ಕೆ ಕಳುಹಿಸಲಿ. ಅಷ್ಟರಿಂದ ಕೆಲಸವು ಆರಂಭವಾದಂತಾಗುತ್ತದೆ.